ಖುಷಿಯ ಓದು ಮತ್ತು ಬರವಣಿಗೆ: ಗಡಿನಾಡಿನ ಓದುಗರ ಪ್ರಶ್ನೆಗಳು

ಜೂನ್ 19ರ ವಾಚನಾ ದಿನದ ಬೆನ್ನಿಗೆ ಕೇರಳದ ಕಾಸರಗೋಡು ಜಿಲ್ಲೆಯ ಓದುಗರಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದುದರಿಂದ, ಈ ಸಲದ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಮನಸ್ಸಿಗೆ ಹಿತವೆನಿಸುವುದನ್ನು ಓದುತ್ತ ಹೋದರೆ ಬರವಣಿಗೆ ಸುಧಾರಿಸುತ್ತದೆಯೇ, ಸುಧಾರಿಸುವುದಾದರೆ ಹೇಗೆ ಎಂಬುದೇ ಆ ವಿಷಯ. ಕೆಲವರು ತಮ್ಮ ಹೆಸರು ಬೇಡವೆಂದು ಕೋರಿದ್ದರಿಂದ ಎಲ್ಲರನ್ನೂ ಊರಿನ ಮೂಲಕವಷ್ಟೇ ಗುರುತಿಸಲಾಗಿದೆ.

ಪ್ರಶ್ನೆ: ನಾನು ಕನ್ನಡ ಮಾಧ್ಯಮದ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯೊಂದರಲ್ಲಿ ಅಧ್ಯಾಪಿಕೆ. ಮಕ್ಕಳಿಗೆ ತರಗತಿ ಗ್ರಂಥಾಲಯದಿಂದ ಪುಸ್ತಕ ಕೊಟ್ಟು, ಓದಿದ ಮೇಲೆ ಟಿಪ್ಪಣಿ ಬರೆಸುತ್ತೇವೆ. ಪುಸ್ತಕದ ಹೆಸರು, ಲೇಖಕರು, ಸಾರಾಂಶ, ಕಲಿತ ನೀತಿ ಇವೆಲ್ಲ ಅದರಲ್ಲಿರಬೇಕು. ಈಚೆಗೆ ಮಕ್ಕಳು ಕಪಾಟಿನಲ್ಲಿ ಅತ್ಯಂತ ತೆಳ್ಳಗಿನ ಪುಸ್ತಕವನ್ನು ಹುಡುಕುತ್ತಾರೆ, ಹಿಂಬದಿಯ ರಟ್ಟಿನಲ್ಲಿರುವುದನ್ನು ನೋಡಿ ಬರೆಯುತ್ತಾರೆ. ಆದರೂ ಟಿಪ್ಪಣಿ ಬರೆಸಿದರೆ ತಾನೇ ಬರವಣಿಗೆ ಬೆಳೆಯುವುದು? ಅದನ್ನು ಬಿಟ್ಟರೆ ಅವರು ಓದಿದ್ದಾರೆಂದು ತಿಳಿಯುವುದಾದರೂ ಹೇಗೆ?
(ಬದಿಯಡ್ಕ)

ಉತ್ತರ: ನಿಮ್ಮ ಮಕ್ಕಳದ್ದು ಸೋಮಾರಿತನವಲ್ಲ, ಲೆಕ್ಕಾಚಾರ. ದಪ್ಪ ಪುಸ್ತಕ ಓದಿದವನೂ ತೆಳ್ಳಗಿನದನ್ನು ಓದಿದವನೂ ಒಂದೇ ಪುಟದ ದಂಡ ತೆರಬೇಕಾಗಿರುವಾಗ ತೆಳ್ಳಗಿನದನ್ನು ಆರಿಸಿಕೊಳ್ಳುವುದೇ ಜಾಣತನ. ಊಟಕ್ಕೆ ಕುಳಿತವನನ್ನು ತುತ್ತು ತುತ್ತಿಗೂ ತಡೆದು ರುಚಿ ಹೇಗಿದೆಯೆಂದು ಬರೆದುಕೊಡಲು ಹೇಳಿದರೆ ಅವನು ಬೇಗನೆ ಕೈ ತೊಳೆಯುತ್ತಾನೆ. ಕೆಲವು ತಿಂಗಳ ಮಟ್ಟಿಗಾದರೂ ಟಿಪ್ಪಣಿಯನ್ನು ನಿಲ್ಲಿಸಿ ನೋಡಿ ಎಂಬುದು ನನ್ನ ಸಲಹೆ. ಟಿಪ್ಪಣಿಯಿಂದಲೇ ಬರವಣಿಗೆ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಆಳವಾಗಿ ಬೇರೂರಿರುವುದರಿಂದ ಕಾರಣವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ.

ಬರವಣಿಗೆಯ ಬಹುಪಾಲು ಪಾಠ ಮಾಡಿ ಕಲಿಸಲಾಗದ ಸಂಗತಿಗಳಿಂದ ಕೂಡಿದೆ. ‘ತೋಟದಿಂದ ಮರಳಿ, ಕೈಕಾಲು ತೊಳೆದು, ಜಗಲಿಯಲ್ಲಿ ಕುಳಿತು, ಎಲೆಯಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡ ಅಜ್ಜ ಮಾತಿಗೆ ತೊಡಗಿದ’ ಎಂಬಂಥ ವಾಕ್ಯ ಕನ್ನಡಕ್ಕೆ ಸಹಜವಾದದ್ದು. ಒಂದರ ಹಿಂದೆ ಒಂದು ಕೃದಂತ ಬಂದು, ಕೊನೆಯ ಕ್ರಿಯಾಪದದಲ್ಲಿ ಎಲ್ಲವೂ ನೆಲೆ ನಿಲ್ಲುತ್ತದೆ. ಆದರೆ ಹೀಗೆ ಎಷ್ಟು ಕೃದಂತಗಳನ್ನು ಪೋಣಿಸಬಹುದು, ಎಲ್ಲಿಗೆ ಬಂದಾಗ ಓದುವವನ ಉಸಿರು ಕಟ್ಟುತ್ತದೆ, ಒಂದು ಉದ್ದ ವಾಕ್ಯದ ಬಳಿಕ ಮೂರೇ ಪದಗಳ ವಾಕ್ಯವೊಂದು ಯಾಕೆ ಬೇಕೆನಿಸುತ್ತದೆ ಎಂಬುದಕ್ಕೆ ಯಾವ ವ್ಯಾಕರಣ ಪುಸ್ತಕದಲ್ಲಿಯೂ ಸೂತ್ರವಿಲ್ಲ. ಸಾವಿರಾರು ಒಳ್ಳೆಯ ವಾಕ್ಯಗಳು ಕಿವಿಯ ಮೇಲೆ ಬಿದ್ದ ಮಗುವಿಗೆ ಅದು ತಾನಾಗಿ ಗೊತ್ತಾಗುತ್ತದೆ, ಬೀಳದ ಮಗುವಿಗೆ ಹೇಳಿಕೊಟ್ಟರೂ ಗೊತ್ತಾಗುವುದಿಲ್ಲ. ಕಾಗುಣಿತದ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಮಹಾಪ್ರಾಣವೆಲ್ಲಿ, ಒತ್ತು ಯಾವುದಕ್ಕೆ, ಶಕಾರವೋ ಷಕಾರವೋ ಎಂಬುದನ್ನು ನಿಯಮದಿಂದ ನಿರ್ಧರಿಸುವವರು ಕಡಿಮೆ. ನೂರು ಸಲ ಸರಿಯಾಗಿ ಕಂಡ ಪದವನ್ನು ತಪ್ಪಾಗಿ ಬರೆದರೆ ಕಣ್ಣೇ ಒಪ್ಪುವುದಿಲ್ಲ. ಪದಸಂಪತ್ತು ಕೂಡ ಅರ್ಥಕೋಶದಿಂದ ಬರುವುದಕ್ಕಿಂತ ಹೆಚ್ಚಾಗಿ, ಒಂದು ಪದವನ್ನು ಅದರ ನೆರೆಹೊರೆಯ ಪದಗಳೊಡನೆ ಮತ್ತೆ ಮತ್ತೆ ಭೇಟಿಯಾಗುವುದರಿಂದ ಬರುತ್ತದೆ.

ಇವೆಲ್ಲಕ್ಕೂ ಬೇಕಾದದ್ದು ಓದಿನ ಪ್ರಮಾಣ. ವರ್ಷಕ್ಕೆ ನಾಲ್ಕು ಪುಸ್ತಕ ಓದಿ ನಾಲ್ಕು ಟಿಪ್ಪಣಿ ಬರೆದ ಮಗುವಿಗೂ ನಲವತ್ತು ಪುಸ್ತಕ ಓದಿ ಒಂದನ್ನೂ ಬರೆಯದ ಮಗುವಿಗೂ ನಡುವೆ, ಎರಡನೆಯ ಮಗುವಿನ ಬರವಣಿಗೆಯ ಮೇಲೆಯೇ ನನಗೆ ಹೆಚ್ಚು ಭರವಸೆ. ನಲವತ್ತು ಪುಸ್ತಕವನ್ನು ಯಾವ ಮಗುವೂ ಬಲವಂತಕ್ಕೆ ಓದುವುದಿಲ್ಲ, ಖುಷಿಗಾಗಿ ಮಾತ್ರ ಓದೀತು. ಖುಷಿ ಮುಖ್ಯವೆನ್ನುವುದು ಈ ಕಾರಣಕ್ಕೆ, ಮಕ್ಕಳ ಮೇಲಿನ ಮುದ್ದಿನಿಂದಲ್ಲ.

ಇದನ್ನು ನಿಜವಾದ ಶಾಲೆಗಳಲ್ಲಿ ಪರೀಕ್ಷಿಸಿ ನೋಡಿದವರಿದ್ದಾರೆ. ನ್ಯೂಜಿಲೆಂಡಿನ ವಾರ್ವಿಕ್ ಎಲಿ ಮತ್ತು ಫಿಜಿಯ ಫ್ರಾನ್ಸಿಸ್ ಮಂಗುಭಾಯಿ ಎಂಬ ಇಬ್ಬರು ಫಿಜಿ ದ್ವೀಪಗಳ ಹಳ್ಳಿ ಶಾಲೆಗಳಲ್ಲಿ ನಡೆಸಿದ ಅಧ್ಯಯನದ ವರದಿ 1983ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಇಂಗ್ಲಿಷ್ ಆಡದ, ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳು ಅವರು. ಸುಮಾರು 250 ಸಚಿತ್ರ ಇಂಗ್ಲಿಷ್ ಕತೆಪುಸ್ತಕಗಳನ್ನು ತರಗತಿಗೆ ತಂದಿಟ್ಟು, ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷ ಅದಕ್ಕೆಂದೇ ಬಿಡಲಾಯಿತು. ಕೆಲವು ತರಗತಿಗಳಲ್ಲಿ ಮಕ್ಕಳು ತಮ್ಮ ಪಾಡಿಗೆ ಮೌನವಾಗಿ ಓದಿದರು. ಇನ್ನು ಕೆಲವೆಡೆ ಶಿಕ್ಷಕರು ಓದಿ ಹೇಳಿ ಕತೆಯ ಬಗ್ಗೆ ಮಾತಾಡಿದರು. ಉಳಿದ ಶಾಲೆಗಳಲ್ಲಿ ಎಂದಿನ ಭಾಷಾಪಾಠ ಮುಂದುವರಿಯಿತು. ಮೊದಲ ವರ್ಷದ ಕೊನೆಗೆ ಕತೆ ಓದಿದ ಮಕ್ಕಳು ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಉಳಿದವರಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಮುಂದೆ ಸಾಗಿದ್ದರು. ಎರಡನೆಯ ವರ್ಷದ ಕೊನೆಗೆ ಈ ಲಾಭ ಬರವಣಿಗೆಗೂ ವ್ಯಾಕರಣಕ್ಕೂ ಹರಡಿತ್ತು. ಬರವಣಿಗೆಯ ಫಲ ತಡವಾಗಿ ಕಾಣಿಸಿತು ಎಂಬುದನ್ನು ನೀವು ವಿಶೇಷವಾಗಿ ಗಮನಿಸಬೇಕು. ಒಂದು ಟರ್ಮಿನಲ್ಲಿ ಏನೂ ಕಾಣಲಿಲ್ಲವೆಂದು ಕೈಬಿಟ್ಟವರಿಗೆ ಅದು ದಕ್ಕುತ್ತಿರಲಿಲ್ಲ. ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶನ್ ಇಂಥ ಅನೇಕ ಅಧ್ಯಯನಗಳನ್ನು 1993ರ ತಮ್ಮ ಗ್ರಂಥದಲ್ಲಿ ಒಟ್ಟುಗೂಡಿಸಿ, ವರದಿಯಿಲ್ಲದ, ಅಧ್ಯಾಯದ ಕೊನೆಗೆ ಪ್ರಶ್ನೆಗಳಿಲ್ಲದ, ಗೊತ್ತಿಲ್ಲದ ಪ್ರತಿ ಪದಕ್ಕೂ ಕೋಶ ತೆರೆಯಬೇಕಿಲ್ಲದ ಸ್ವಂತ ಇಷ್ಟದ ಓದನ್ನು ಶಾಲೆಗಳು ಬೆಳೆಸಬೇಕೆಂದು ವಾದಿಸಿದರು.

ಇನ್ನು, ಓದಿದ್ದಾರೆಂದು ತಿಳಿಯುವ ಬಗೆ. ಪುಸ್ತಕದ ಹೆಸರು ಮತ್ತು ತಾರೀಕು ಮಾತ್ರ ಇರುವ ರಿಜಿಸ್ಟರ್ ಸಾಕು. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡಲು ಮಗುವಿಗೆ ಅನುಮತಿ ಇರಲಿ, ಇದು ಬಹಳ ಮುಖ್ಯ. ವಾರಕ್ಕೆರಡು ಸಲ ನೀವೇ ಹತ್ತು ನಿಮಿಷ ಓದಿ ಹೇಳಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿ. ಮೇಲಿನವರಿಗೆ ತೋರಿಸಲು ಲಿಖಿತ ದಾಖಲೆ ಬೇಕೇಬೇಕೆಂದಾದರೆ, ಮುಂದೆ ಆ ಪುಸ್ತಕ ಎತ್ತಿಕೊಳ್ಳುವ ಸಹಪಾಠಿಗೆ ಎರಡು ಸಾಲಿನ ಚೀಟಿ ಬರೆದು ಪುಸ್ತಕದೊಳಗೆ ಇಡಲು ಹೇಳಿ. ‘ಮೊದಲ ಮೂರು ಪುಟ ಬೋರು, ಆಮೇಲೆ ಭಾರೀ ಲಾಯಿಕ್ ಉಂಟು’ ಎಂದು ಒಂದು ಮಗು ಬರೆದರೆ ಅದನ್ನು ತಿದ್ದಬೇಡಿ. ನೀತಿ ಬರೆದ ನಲವತ್ತು ಟಿಪ್ಪಣಿಗಳಿಗಿಂತ ಅದು ಒಳ್ಳೆಯ ವಿಮರ್ಶೆ, ಅದಕ್ಕೊಬ್ಬ ನಿಜವಾದ ಓದುಗನೂ ಇದ್ದಾನೆ. ಬರವಣಿಗೆಯ ಅಭ್ಯಾಸವನ್ನು ಬೇರೆಯೇ ಅವಧಿಯಲ್ಲಿ, ಮಕ್ಕಳಿಗೆ ಗೊತ್ತಿರುವ ವಿಷಯಗಳ ಮೇಲೆ ನಡೆಸಿ. ಆಟಿ ತಿಂಗಳ ಮಳೆಯಲ್ಲಿ ಶಾಲೆಗೆ ಬರುವ ದಾರಿಯನ್ನು ಕುರಿತು ಬರೆಯುವಾಗ ಅವರು ಓದಿದ್ದು ತಾನಾಗಿ ಹೊರಬರುತ್ತದೆ.

ಪ್ರಶ್ನೆ: ಏಳನೆಯ ತರಗತಿಯಲ್ಲಿರುವ ನನ್ನ ಮಗ ಚಿತ್ರಕತೆಗಳನ್ನೂ ಅಜ್ಜನ ಕಪಾಟಿನಲ್ಲಿರುವ ಹಳೆಯ ಪತ್ತೇದಾರಿ ಕಾದಂಬರಿಗಳನ್ನೂ ಬಿಟ್ಟು ಬೇರೇನನ್ನೂ ಓದುವುದಿಲ್ಲ. ಇಂಥ ಓದಿನಿಂದ ಭಾಷೆ ಹಾಳಾಗುತ್ತದೆಂದು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ನಿಜವೇ?
(ಮಂಜೇಶ್ವರ)

ಉತ್ತರ: ಹಾಳಾಗುವುದಿಲ್ಲ. 1949ರಲ್ಲಿ ಕನ್ನಡದಲ್ಲಿ ಆರಂಭವಾದ ‘ಚಂದಮಾಮ’ವನ್ನು ಬೇತಾಳನ ಕತೆಗಾಗಿ ಕಾದು ಓದಿದವರು, ಕೋಟ್ಟಯಂನಿಂದ ಬರುತ್ತಿದ್ದ ‘ಬಾಲಮಂಗಳ’ವನ್ನು ಡಿಂಗನಿಗಾಗಿ ಕಿತ್ತಾಡಿಕೊಂಡು ಓದಿದವರು, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ರಾತ್ರಿ ಕಳೆದವರು, ಮುಂದೆ ಕನ್ನಡದ ಗಂಭೀರ ಓದುಗರಾದದ್ದನ್ನು ಸುತ್ತಮುತ್ತ ವಿಚಾರಿಸಿದರೆ ನೀವೇ ತಿಳಿಯುವಿರಿ. ಮನೆಯ ಹಿರಿಯರನ್ನೇ ಕೇಳಿ ನೋಡಿ. ಆ ಕಪಾಟು ತುಂಬಿಸಿದವರು ಅಜ್ಜನೇ ತಾನೆ?

ಪತ್ತೇದಾರಿ ಕತೆಯಿಂದ ಬರಹಗಾರನಿಗೆ ಸಿಗುವ ಒಂದು ಪಾಠ ಬೇರೆಡೆ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಏನನ್ನು ಮೊದಲು ಹೇಳಬೇಕು, ಏನನ್ನು ತಡೆಹಿಡಿಯಬೇಕು, ಓದುಗನಿಗೆ ಯಾವ ಹಂತದಲ್ಲಿ ಎಷ್ಟು ಗೊತ್ತಿರಬೇಕು ಎಂಬ ವಿವೇಕ ಅದು. ಶಾಲೆಯ ಪ್ರಬಂಧಗಳಲ್ಲಿ ಪೀಠಿಕೆಯಲ್ಲೇ ಎಲ್ಲವನ್ನೂ ಹೇಳಿ ಮುಗಿಸುವ ಮಕ್ಕಳಿಗೆ ಇದು ಬೇಕಾದ ಔಷಧವೇ ಸರಿ. ಆದರೆ ಈ ಜಾತಿಯ ಓದಿಗೆ ಮಿತಿಯೂ ಇದೆ. ಅವಸರದಲ್ಲಿ ಬರೆದ ಕಾದಂಬರಿಗಳಲ್ಲಿ ವರ್ಣನೆ ಸವೆದ ನಾಣ್ಯದಂಥ ಪದಗಳಲ್ಲಿ ನಡೆಯುತ್ತದೆ, ಒಂದೇ ಬಗೆಯ ವಾಕ್ಯ ಮರುಕಳಿಸುತ್ತದೆ. ಆದುದರಿಂದ ಅವನ ಕೈಯಲ್ಲಿರುವುದನ್ನು ಕಿತ್ತುಕೊಳ್ಳದೆ, ಪಕ್ಕದಲ್ಲಿ ಇನ್ನೊಂದನ್ನು ಇಡಿ. ಕೆನ್ನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕತೆಗಳು ಈ ವಯಸ್ಸಿಗೆ ಹೇಳಿ ಮಾಡಿಸಿದಂತಿವೆ. ನರಭಕ್ಷಕನ ಜಾಡು ಹಿಡಿಯುವ ಕುತೂಹಲ ಪತ್ತೇದಾರಿಯದ್ದೇ, ಗದ್ಯ ಮಾತ್ರ ಬೇರೆ ಮಟ್ಟದ್ದು. ಓದು ಎಂದು ಹೇಳಬೇಡಿ, ಕಣ್ಣಿಗೆ ಬೀಳುವಲ್ಲಿ ಇಟ್ಟರೆ ಸಾಕು.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ, ಕನ್ನಡ ಐಚ್ಛಿಕ. ಮನೆಯಲ್ಲಿ ತುಳು, ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಮಲಯಾಳ, ತರಗತಿಯಲ್ಲಿ ಮಾತ್ರ ಕನ್ನಡ. ನನ್ನ ಉತ್ತರಪತ್ರಿಕೆಗಳಲ್ಲಿ ವಾಕ್ಯಗಳು ಕನ್ನಡದಂತಿಲ್ಲ ಎಂದು ಅಧ್ಯಾಪಕರು ಗುರುತು ಹಾಕುತ್ತಾರೆ. ವ್ಯಾಕರಣ ಪುಸ್ತಕವನ್ನು ಮೊದಲಿನಿಂದ ಓದಬೇಕೇ, ಅಥವಾ ಕಾದಂಬರಿ ಓದಿದರೆ ಸರಿಹೋದೀತೇ?
(ಪೈವಳಿಕೆ)

ಉತ್ತರ: ನಿಮ್ಮ ತೊಂದರೆ ಗಡಿನಾಡಿನ ಸಾವಿರಾರು ವಿದ್ಯಾರ್ಥಿಗಳದ್ದು, ಮೈಸೂರು ಧಾರವಾಡಗಳ ಓದುಗರಿಗೆ ಇದರ ಅಂದಾಜು ಸುಲಭವಾಗಿ ಸಿಗಲಾರದು. ಅಲ್ಲಿಯ ಮಗುವಿಗೆ ಬರಹದ ಕನ್ನಡ ಓದಿನಲ್ಲಿ ಸಿಗದಿದ್ದರೂ ಬಸ್ಸಿನ ಬೋರ್ಡು, ಸರಕಾರಿ ನೋಟೀಸು, ಬ್ಯಾಂಕಿನ ಫಾರಂ, ಸಭೆಯ ಭಾಷಣ ಎಂದು ಹತ್ತು ಕಡೆಗಳಿಂದ ಅದು ಕಣ್ಣು ಕಿವಿಗಳಿಗೆ ಬೀಳುತ್ತಿರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಇಲ್ಲಿ ಆ ಹತ್ತು ಕಡೆಗಳಲ್ಲಿ ಹೆಚ್ಚಿನವು ಮಲಯಾಳಕ್ಕೆ ಸಂದವು. ಹಾಗಾಗಿ ನಿಮಗೆ ಬರಹದ ಕನ್ನಡದ ಒಡನಾಟ ಬೇಕೆಂದರೆ ಪುಸ್ತಕ, ಪತ್ರಿಕೆ ಮತ್ತು ಯಕ್ಷಗಾನವೇ ಗತಿ. ಬೇರೆ ಕಡೆ ಖುಷಿಯ ಓದು ಒಂದು ಹೆಚ್ಚುವರಿ ಲಾಭವಾದರೆ, ನಿಮ್ಮಲ್ಲಿ ಅದೇ ಮುಖ್ಯ ದಾರಿ.

ಅಧ್ಯಾಪಕರು ಗುರುತು ಹಾಕುತ್ತಿರುವುದು ಎಲ್ಲಿ ಎಂದು ಮೊದಲು ನೋಡಿಕೊಳ್ಳಿ. ಮಲಯಾಳದಲ್ಲಿ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯವಿಲ್ಲ; ಅವನು, ಅವಳು, ಅವರು ಯಾರೇ ಬಂದರೂ ‘ವನ್ನು’ ಒಂದೇ. ಕನ್ನಡದಲ್ಲಿ ಬಂದನು, ಬಂದಳು, ಬಂದರು, ಬಂದಿತು ಎಂದು ಬೇರೆಯಾಗುತ್ತದೆ. ತುಳುವಿನಲ್ಲಿಯೂ ಈ ಹೊಂದಿಕೆ ಇರುವುದರಿಂದ ಚಿಕ್ಕ ವಾಕ್ಯಗಳಲ್ಲಿ ನೀವು ತಪ್ಪಲಾರಿರಿ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಹನ್ನೆರಡು ಪದಗಳು ಬಂದಾಗ ಮಾತ್ರ ಎಳೆ ಕೈತಪ್ಪುತ್ತದೆ. (ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ನಪುಂಸಕ ರೂಪವನ್ನೇ ಬಳಸುವ ರೂಢಿ ಇರುವುದರಿಂದ ಆ ಮನೆಗಳ ಮಕ್ಕಳಿಗೆ ಇದೇ ಜಾಗದಲ್ಲಿ ಬೇರೊಂದು ಬಗೆಯ ಎಡವಟ್ಟು ಕಾದಿರುತ್ತದೆ.) ಅಂಥ ಉದ್ದ ವಾಕ್ಯದ ಎಳೆಯನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ನಿಯಮದ ಬಾಯಿಪಾಠದಿಂದ ಬರುವುದಿಲ್ಲ. ಅಂಥವುಗಳನ್ನು ನೂರಾರು ಸಲ ಓದಿ ಮುಗಿಸಿದ ಅನುಭವದಿಂದ ಬರುತ್ತದೆ. ವ್ಯಾಕರಣ ಪುಸ್ತಕವನ್ನು ಕೈಗೆಟಕುವಲ್ಲಿಡಿ, ಸಂದೇಹ ಬಂದಾಗ ತೆರೆಯಿರಿ. ಮೊದಲ ಪುಟದಿಂದ ಓದಲು ಹೊರಟರೆ ಸಂಧಿಪ್ರಕರಣ ದಾಟುವುದರೊಳಗೆ ಆಸಕ್ತಿ ಮುಗಿದಿರುತ್ತದೆ.

ಮನೆಮಾತು ಬೇರೆಯಾಗಿದ್ದರೂ ಕನ್ನಡದ ಗದ್ಯ ಪದ್ಯಗಳಲ್ಲಿ ನುರಿತವರಿಗೆ ನಿಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಇನ್ನು, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತು ಕೇಳಲು ತಾಳಮದ್ದಳೆಯ (ವೇಷ, ಕುಣಿತಗಳಿಲ್ಲದ ಮಾತಿನ ಯಕ್ಷಗಾನದ) ಮುಂದೆ ರಾತ್ರಿಯಿಡೀ ಕುಳಿತಿರುತ್ತಿದ್ದವರಲ್ಲಿ ಎಷ್ಟು ಮಂದಿಯ ಮನೆಮಾತು ಕನ್ನಡವಾಗಿತ್ತು? ಪುರಾಣ, ಕಾವ್ಯಗಳನ್ನು ಅರೆದು ಕುಡಿದ ಅರ್ಥಧಾರಿ ಪದ್ಯದ ಅರ್ಥವನ್ನು ಸ್ಥಳದಲ್ಲೇ ಕಟ್ಟುವಾಗ ಹೊರಡುವ ಆ ನಿಡಿದಾದ, ಎಲ್ಲಿಯೂ ಮುರಿಯದ ವಾಕ್ಯಗಳು ಕೇಳುಗರ ಕಿವಿಯನ್ನು ಪಳಗಿಸುತ್ತ ಬಂದಿವೆ. ಕರಾವಳಿಯ ಹಳ್ಳಿಗಳಲ್ಲಿ ಹೆಚ್ಚು ಶಾಲೆ ಕಲಿಯದವರೂ ಬೇಕೆಂದಾಗ ಗ್ರಾಂಥಿಕ ಕನ್ನಡದಲ್ಲಿ ತಡವರಿಸದೆ ಮಾತಾಡುವುದರ ಹಿಂದೆ ಇದೂ ಒಂದು ಕಾರಣ. ಅವರು ಭಾಷೆ ಕಲಿಯಲೆಂದು ಹೋದವರಲ್ಲ, ಕೃಷ್ಣ ಸಂಧಾನದ ವಾದ ಕೇಳಲೆಂದು ಹೋದವರು.

ಕಾದಂಬರಿ ಯಾವುದು ಎಂದು ನೀವು ಕೇಳಿಲ್ಲವಾದರೂ ಒಂದನ್ನು ಹೇಳುತ್ತೇನೆ. 1941ರ ಕಯ್ಯೂರಿನ ರೈತ ಹೋರಾಟವನ್ನೂ 1943ರಲ್ಲಿ ನಾಲ್ವರು ಗಲ್ಲಿಗೇರಿದ್ದನ್ನೂ ಆಧರಿಸಿ ನಿರಂಜನರು ಬರೆದ ‘ಚಿರಸ್ಮರಣೆ’ ನಿಮ್ಮದೇ ಜಿಲ್ಲೆಯ ಕತೆ. ಮಲಯಾಳ ಆಡುವ ಊರೊಂದರ ಬದುಕು ಸಹಜವಾದ ಕನ್ನಡ ವಾಕ್ಯಗಳಲ್ಲಿ ಹೇಗೆ ಮೂಡಬಹುದೆಂಬುದನ್ನು ಅದರಲ್ಲಿ ಕಾಣುವಿರಿ. ಹಿಡಿಸಿದ ಪುಟವನ್ನು ಗಟ್ಟಿಯಾಗಿ ಓದಿಕೊಳ್ಳಿ. ಕಣ್ಣು ಹಾರಿಸಿಬಿಡುವ ವಿಭಕ್ತಿ, ಪ್ರತ್ಯಯಗಳನ್ನು ನಾಲಗೆ ಹಾರಿಸುವುದಿಲ್ಲ.

ಆದರೆ ಓದಿದರೆ ಸಾಕೇ ಎಂಬುದಕ್ಕೆ ನನ್ನ ಉತ್ತರ, ಸಾಲದು. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳನ್ನು ವರ್ಷಗಟ್ಟಲೆ ಫ್ರೆಂಚ್ ಮಾಧ್ಯಮದಲ್ಲಿ ಓದಿಸಿದಾಗ ಏನಾಯಿತೆಂಬುದನ್ನು ಮೆರಿಲ್ ಸ್ವೇನ್ ಎಂಬ ವಿದ್ವಾಂಸೆ 1985ರಲ್ಲಿ ವಿವರಿಸಿದ್ದಾರೆ. ಕೇಳಿ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಆ ಮಕ್ಕಳು ಫ್ರೆಂಚ್ ಮನೆಮಾತಿನವರ ಹತ್ತಿರಕ್ಕೆ ಬಂದಿದ್ದರು, ಮಾತು ಬರಹಗಳ ವ್ಯಾಕರಣದಲ್ಲಿ ಮಾತ್ರ ಹಿಂದೆಯೇ ಉಳಿದಿದ್ದರು. ಸ್ವತಃ ವಾಕ್ಯ ಕಟ್ಟಲು ಹೊರಟಾಗ ಮಾತ್ರ ತನಗೆ ಎಲ್ಲಿ ಬರುವುದಿಲ್ಲವೆಂದು ಕಲಿಯುವವರಿಗೆ ತಿಳಿಯುತ್ತದೆ ಎಂಬುದು ಸ್ವೇನ್ ಅವರ ವಾದ, ನನಗೆ ಅದು ಸರಿಯೆನಿಸುತ್ತದೆ. ಕ್ರಾಶನ್ ಹೇಳಿದಷ್ಟು ಧಾರಾಳವಾಗಿ ಓದಿಗೇ ಎಲ್ಲವನ್ನೂ ಬಿಟ್ಟುಕೊಡಲು ನಾನು ತಯಾರಿಲ್ಲ. ನಿಮ್ಮ ಅಧ್ಯಾಪಕರು ಗುರುತು ಹಾಕಿದ ವಾಕ್ಯಗಳನ್ನು ತಿದ್ದಿ ಮರಳಿ ಬರೆಯಿರಿ. ಇಂಥ ಗುರುತನ್ನು ತಾಳ್ಮೆಯಿಂದ ಹಾಕುವ ಅಧ್ಯಾಪಕರು ಎಲ್ಲರಿಗೂ ಸಿಗುವುದಿಲ್ಲ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾದ ಮೇಲಷ್ಟೇ ಕತೆ, ಆತ್ಮಕಥನಗಳನ್ನು ಓದುವ ರುಚಿ ಹತ್ತಿದೆ. ನನ್ನ ಬಾಲ್ಯದ ನೆನಪುಗಳನ್ನು ಬರೆಯಬೇಕೆಂಬ ಆಸೆ. ಇಷ್ಟು ತಡವಾಗಿ ಆರಂಭಿಸಿದ ಓದಿನಿಂದ ಬರವಣಿಗೆ ಸಿದ್ಧಿಸೀತೇ?
(ಕುಂಬಳೆ)

ಉತ್ತರ: ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಕನ್ನಡ ಮಾಧ್ಯಮದಲ್ಲಿ ಶಾಲೆ ಕಲಿತ ಸಾರಾ ಅಬೂಬಕ್ಕರ್ ಅವರಿಗೆ ಮುಂದೆ ಓದುವ ಆಸೆಯಿದ್ದರೂ ಆಗಿನ ಕಟ್ಟುಪಾಡುಗಳಿಂದ ಅದು ಕೂಡಿಬರಲಿಲ್ಲ, ಗ್ರಂಥಾಲಯದ ಸದಸ್ಯತ್ವ ದೊರೆತದ್ದೇ 1963ರಲ್ಲಿ ಎಂದು ಅವರು ಹೇಳಿಕೊಂಡಿದ್ದಾರೆ. ಅವರ ಮೊದಲ ಬರಹ ‘ಲಂಕೇಶ್ ಪತ್ರಿಕೆ’ಯಲ್ಲಿ ಬಂದದ್ದು 1981ರಲ್ಲಿ, ಆಗ ವಯಸ್ಸು ನಲವತ್ತೈದರ ಆಸುಪಾಸು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಅದರ ಬೆನ್ನಿಗೆ ಬಂದಿತು. ಸದಸ್ಯತ್ವಕ್ಕೂ ಮೊದಲ ಬರಹಕ್ಕೂ ನಡುವಣ ಹದಿನೆಂಟು ವರ್ಷಗಳಲ್ಲಿ ಹೊರಗಿನವರ ಕಣ್ಣಿಗೆ ಆಕೆ ಓದುವ ಗೃಹಿಣಿ ಮಾತ್ರ.

ನೀವು ಹದಿನೆಂಟು ವರ್ಷ ಕಾಯಬೇಕಿಲ್ಲ. ಜೀವನಪೂರ್ತಿ ಕಚೇರಿಯ ಪತ್ರ ಬರೆದವರ ಗದ್ಯಕ್ಕೆ ಒಂದು ವಿಶೇಷ ಅಪಾಯವಿದೆ: ‘ಈ ಮೂಲಕ ತಿಳಿಸುವುದೇನೆಂದರೆ’ ಎಂಬ ಧಾಟಿ ನೆನಪುಗಳ ಬರಹದೊಳಗೂ ನುಸುಳುತ್ತದೆ. ನಿಮಗೆ ಇಷ್ಟವಾದ ಆತ್ಮಕಥನಗಳನ್ನು ಎರಡನೆಯ ಸಲ ಓದುವಾಗ, ಅವರು ಏನೇನನ್ನು ಹೇಳದೆ ಬಿಟ್ಟಿದ್ದಾರೆ ಎಂಬುದರ ಮೇಲೆ ಒಂದು ಕಣ್ಣಿಡಿ. ನೆನಪು ಬರೆಯುವವರೆಲ್ಲರೂ ಎಡವುವುದು, ನೆನಪಾದದ್ದನ್ನೆಲ್ಲ ಹೇಳಿಬಿಡುವುದರಲ್ಲಿ.

ಪ್ರಶ್ನೆ: ಕತೆ ಬರೆಯುತ್ತೇನೆ. ಯಾರ ಪುಸ್ತಕವನ್ನು ಹೆಚ್ಚು ಓದುತ್ತೇನೋ ಅವರ ಧಾಟಿ ನನ್ನ ಕತೆಗೆ ಬಂದುಬಿಡುತ್ತದೆ, ಗೆಳೆಯರು ನಗುತ್ತಾರೆ. ಸ್ವಂತಿಕೆ ಉಳಿಯಬೇಕಾದರೆ ಬರೆಯುವ ದಿನಗಳಲ್ಲಿ ಓದುವುದನ್ನು ನಿಲ್ಲಿಸಬೇಕೇ?
(ಮುಳ್ಳೇರಿಯ)

ಉತ್ತರ: ನಿಲ್ಲಿಸಬೇಡಿ, ಇನ್ನಷ್ಟು ಓದಿ. ಒಬ್ಬರನ್ನು ಓದಿದರೆ ಅವರ ನೆರಳು ಬೀಳುತ್ತದೆ, ಹದಿನೈದು ಮಂದಿಯನ್ನು ಓದಿದರೆ ಯಾರ ನೆರಳೆಂದು ಗುರುತಿಸಲು ನಿಮ್ಮ ಗೆಳೆಯರಿಗೆ ಕಷ್ಟವಾಗುತ್ತದೆ. ಅನುಕರಣೆ ಕಲಿಕೆಯ ಒಂದು ಹಂತ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅನುಕರಣೆಯನ್ನೇ ಅಭ್ಯಾಸಕ್ರಮವಾಗಿ ಮಾಡಿಕೊಂಡವನ ಉದಾಹರಣೆ ಅಮೆರಿಕದ ಮುತ್ಸದ್ದಿ, ಬರಹಗಾರ ಬೆಂಜಮಿನ್ ಫ್ರಾಂಕ್ಲಿನ್. ಬೋಸ್ಟನ್ನಿನಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಹುಡುಗನಿಗೆ ‘ಸ್ಪೆಕ್ಟೇಟರ್’ ಎಂಬ ಲಂಡನ್ನಿನ ಪತ್ರಿಕೆಯ ಒಂದು ಬಿಡಿ ಸಂಪುಟ ಸಿಕ್ಕಿತು. ಅದನ್ನು ಮತ್ತೆ ಮತ್ತೆ ಓದಿ ಬಹಳ ಸಂತೋಷಪಟ್ಟ ಮೇಲೆ ತಾನೂ ಹಾಗೆ ಬರೆಯಬೇಕೆಂದು ಹೊರಟುದಾಗಿ ಆತ ಆತ್ಮಕಥೆಯಲ್ಲಿ ಹೇಳುತ್ತಾನೆ. ಸಂತೋಷ ಮೊದಲು, ಅಭ್ಯಾಸ ಆಮೇಲೆ. ಒಂದು ಪ್ರಬಂಧದ ಪ್ರತಿ ವಾಕ್ಯದ ಭಾವವನ್ನು ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬದಿಗಿಟ್ಟು, ಆಮೇಲೆ ಮೂಲವನ್ನು ನೋಡದೆ ತನ್ನ ಮಾತಿನಲ್ಲಿ ಅದನ್ನು ಪೂರ್ತಿಯಾಗಿ ಬರೆದು, ಎರಡನ್ನೂ ಹೋಲಿಸಿ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದ. ಪದಗಳ ಬಡತನ ಕಂಡುಬಂದಾಗ ಗದ್ಯದ ಕತೆಯನ್ನು ಪದ್ಯಕ್ಕೆ ತಿರುಗಿಸಿದ, ಗದ್ಯ ಮರೆತಾಗ ಆ ಪದ್ಯವನ್ನು ಮತ್ತೆ ಗದ್ಯಕ್ಕೆ ತಂದ. ಗುರುತಿನ ಚೀಟಿಗಳನ್ನು ಬೇಕೆಂದೇ ಕಲಸಿ, ವಾರಗಳ ಬಳಿಕ ಸರಿಯಾದ ಕ್ರಮಕ್ಕೆ ಜೋಡಿಸಿದ. ವಿಚಾರಗಳನ್ನು ಒಂದರ ನಂತರ ಒಂದು ಹೇಳುವ ಕ್ರಮ ಅದರಿಂದ ಅವನಿಗೆ ತಿಳಿಯಿತು. ಒಂದೆರಡು ಕಡೆ ಮೂಲಕ್ಕಿಂತ ತನ್ನದೇ ಚೆನ್ನಾಗಿದೆಯೆಂದು ಅನಿಸಿದ್ದನ್ನೂ ಆತ ಹೇಳಿಕೊಳ್ಳದೆ ಬಿಟ್ಟಿಲ್ಲ.

ನೀವು ಮೆಚ್ಚಿದ ಕತೆಯ ಒಂದು ಪುಟವನ್ನು ಹೀಗೆ ಮಾಡಿ ನೋಡಿ. ನಿಮ್ಮ ಪುಟವೂ ಅವರ ಪುಟವೂ ಎಲ್ಲೆಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ನಿಮ್ಮ ದೋಷವೂ ಇರಬಹುದು, ನಿಮ್ಮ ಸ್ವಂತಿಕೆಯೂ ಇರಬಹುದು. ಯಾವುದು ಯಾವುದೆಂದು ಕಾಣುವುದಕ್ಕೆ ಒಂದು ವಾರ ಬಿಟ್ಟು ಓದಿ. ಮಂಜೇಶ್ವರ ಗೋವಿಂದ ಪೈಗಳು 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆಯಲು ತೊಡಗಿದಾಗ ಸಂಪ್ರದಾಯಸ್ಥರು ಸಿಟ್ಟಾದರು. ಆದರೆ ಪ್ರಾಸಬದ್ಧವಾದ ಹಳೆಯ ಕಾವ್ಯವನ್ನು ಪೈಗಳಷ್ಟು ಬಲ್ಲವರು ಆ ಸಿಟ್ಟಾದವರಲ್ಲಿಯೂ ಹೆಚ್ಚಿರಲಿಲ್ಲ.

ಪ್ರಶ್ನೆ: ದಿನಕ್ಕೆ ಎಷ್ಟು ಪುಟ ಓದಬೇಕು? ಮೊಬೈಲಿನಲ್ಲಿ ಓದಿದರೆ ಆದೀತೇ? ನಮ್ಮೂರಿನ ವಾಚನಾಲಯದಲ್ಲಿ ಕನ್ನಡ ಪುಸ್ತಕಗಳು ಒಂದೇ ಕಪಾಟಿನಷ್ಟಿದ್ದು, ಅವೂ ಹಳೆಯವು. ಹೊಸದನ್ನು ಎಲ್ಲಿಂದ ತರುವುದು?
(ಎಣ್ಮಕಜೆ)

ಉತ್ತರ: ಪುಟದ ಲೆಕ್ಕ ಇಟ್ಟರೆ ಓದು ಮತ್ತೊಂದು ಹೋಂವರ್ಕ್ ಆಗುತ್ತದೆ, ಲೆಕ್ಕ ಬೇಡ. 

ಮೊಬೈಲಿನಲ್ಲಿ ಆದೀತು, ಅದು ಉದ್ದದ ಬರಹವಾಗಿದ್ದರೆ. ಎರಡು ಸಾಲಿನ ಸಂದೇಶಗಳನ್ನು ದಿನವಿಡೀ ಓದಿದರೂ ಮೇಲೆ ಹೇಳಿದ ವಾಕ್ಯದ ಕಸುವು ಬರುವುದಿಲ್ಲ. ಕನ್ನಡ ವಿಕಿಸೋರ್ಸ್‌ನಲ್ಲಿಯೂ ಇಂಟರ್ನೆಟ್ ಆರ್ಕೈವ್‌ನಲ್ಲಿಯೂ ಹಳೆಯ ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ವಾಚನಾಲಯದ ವಿಷಯದಲ್ಲಿ ನೀವು ಅಂದುಕೊಂಡಷ್ಟು ಅಸಹಾಯಕರಲ್ಲ. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ ಸಂಘಟಿತವಾದ ಹಳ್ಳಿಯ ಗ್ರಂಥಾಲಯಗಳ ಚಳವಳಿಗೆ 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಕಾನೂನಿನ ಬಲ ಬಂದಿದೆ. (ಜೂನ್ 19 ವಾಚನಾ ದಿನವಾದದ್ದು ಅವರು 1995ರಲ್ಲಿ ತೀರಿಕೊಂಡ ದಿನ ಅದಾದುದರಿಂದ.) ಗ್ರಂಥಾಲಯ ಕೌನ್ಸಿಲಿಗೆ ಸೇರಿದ ವಾಚನಾಲಯಗಳಿಗೆ ಪುಸ್ತಕ ಖರೀದಿಗೆ ಗ್ರಾಂಟು ಸಿಗುತ್ತದೆ, ಅದನ್ನು ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನಿಸುವುದು ಊರಿನವರೇ ಇರುವ ಸಮಿತಿ. ಕನ್ನಡ ಪುಸ್ತಕ ಎರವಲು ಪಡೆಯುವವರು ಕಡಿಮೆಯೆಂದು ಸಮಿತಿ ಕೊಳ್ಳುವುದಿಲ್ಲ, ಹೊಸದು ಇಲ್ಲವೆಂದು ಓದುಗರು ಹೋಗುವುದಿಲ್ಲ. ಇದನ್ನು ಮುರಿಯಬೇಕಾದರೆ ಹಳೆಯ ಕಪಾಟಿನಲ್ಲಿರುವುದನ್ನೇ ಮೊದಲು ತೆಗೆದುಕೊಂಡು ಹೋಗಿ ಓದಿ, ಎರವಲು ರಿಜಿಸ್ಟರಿನಲ್ಲಿ ಕನ್ನಡದ ಸಾಲುಗಳು ಹೆಚ್ಚಲಿ. ಆಮೇಲೆ ನಾಲ್ಕೈದು ಸದಸ್ಯರು ಸಹಿ ಮಾಡಿದ ಪಟ್ಟಿಯೊಂದನ್ನು ಕಾರ್ಯದರ್ಶಿಯವರಿಗೆ ಕೊಡಿ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಬೆಲೆ ನಾಲ್ಕೂ ಅದರಲ್ಲಿರಲಿ. ‘ಒಳ್ಳೆಯ ಕನ್ನಡ ಕಾದಂಬರಿಗಳು’ ಎಂದಷ್ಟೇ ಬರೆದ ಪಟ್ಟಿಯಿಂದ ಮಲಯಾಳ ಮಾತ್ರ ಬಲ್ಲ ಕಾರ್ಯದರ್ಶಿ ಏನನ್ನೂ ಕೊಳ್ಳಲಾರರು. ಪಟ್ಟಿಯನ್ನು ಗ್ರಾಂಟು ಬರುವುದಕ್ಕೆ ಮುಂಚೆಯೇ ಕೊಡಿ, ಪುಸ್ತಕಮೇಳ ಮುಗಿದ ಮೇಲೆ ಕೊಟ್ಟದ್ದು ಮುಂದಿನ ವರ್ಷದವರೆಗೆ ಕಡತದಲ್ಲಿಯೇ ಉಳಿಯುತ್ತದೆ.